ನಿಧಾನ ಪದಕ್ಕೆ ಒಂದೇ ತಂತಿ

ಶ್ರಾವಣದ ಸೋಮವಾರ ರಾತ್ರಿ ಕೊಟ್ಟೂರಿಗೂ ಹಗರಿಬೊಮ್ಮನಹಳ್ಳಿಗೂ ನಡುವಿನ ಯಾವ ಊರಲ್ಲಿ ಬಸ್ಸಿಳಿದರೂ ಈ ನೋಟ ಸಿಗುತ್ತದೆ. ಉಂಡು ಕೈತೊಳೆದ ಜನ ಗುಡಿಯ ಕಟ್ಟೆಗೆ ಬರುತ್ತಾರೆ. ಜಮಖಾನೆ ಹಾಸುತ್ತಾರೆ. ಪೇಟಿಯ (ಹಾರ್ಮೋನಿಯಂ) ಮುಂದೆ ಕೂತವರು ಹಗಲೆಲ್ಲ ಮೆಕ್ಕೆಜೋಳದ ಹೊಲದಲ್ಲಿ ಎಡೆಕುಂಟೆ ಹೊಡೆದು ಬಂದವರು. ದಮ್ಮಡಿ ಎಂಬ ಚರ್ಮವಾದ್ಯ ಹಿಡಿದವರದು ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ. ತಾಳ ಹಾಕಲು ಒಬ್ಬ ಹೈಸ್ಕೂಲ್ ಹುಡುಗ, ಅವನ ಪಕ್ಕ ಏಕತಾರಿ ಹಿಡಿದ ಅಜ್ಜ. ಅಜ್ಜ ಸೊಲ್ಲೆತ್ತುತ್ತಾನೆ. ಅದು ಎಷ್ಟು ನಿಧಾನವೆಂದರೆ ಒಂದು ಸೊಲ್ಲು ಮುಗಿಯುವುದರೊಳಗೆ ಬೀದಿಯಲ್ಲಿ ಟ್ರ್ಯಾಕ್ಟರ್ ಬಂದು, ಹಾಯ್ದು, ಊರಾಚೆ ತಲುಪಿರುತ್ತದೆ. ಯಾರಿಗೂ ಅವಸರವಿಲ್ಲ. ಹಿಮ್ಮೇಳದವರು ಅದೇ ಸೊಲ್ಲನ್ನು ಎತ್ತಿಕೊಂಡು ಮತ್ತೊಂದು ಸಲ ಎಳೆಯುತ್ತಾರೆ.

ಇವರಲ್ಲಿ ಯಾರೂ ಸಂಗೀತದಿಂದ ಹೊಟ್ಟೆ ಹೊರೆಯುವವರಲ್ಲ. ಟಿಕೆಟ್ಟಿಲ್ಲ, ಸಂಭಾವನೆಯಿಲ್ಲ. ನಡುರಾತ್ರಿ ಒಂದು ಸುತ್ತು ಚಹಾ, ಜತೆಗೆ ಮಂಡಕ್ಕಿ ಬಂದರೆ ಅದೇ ದೊಡ್ಡದು. ನಗರದವರು ಹವ್ಯಾಸಿ ಸಂಗೀತಗಾರ ಅಂದರೆ ಗಿಟಾರ್ ಕೊಂಡುಕೊಂಡು ಕೋಣೆಯಲ್ಲಿ ಒಬ್ಬನೇ ನುಡಿಸುವವನನ್ನು ನೆನೆಯುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಹವ್ಯಾಸಿಗಳು ಗುಂಪಾಗಿಯೇ ಇರುತ್ತಾರೆ, ಬಹುಪಾಲು ನಿಧಾನವಾಗಿಯೇ ಹಾಡುತ್ತಾರೆ. ಅವರ ಕೈಯಲ್ಲಿರುವ ತಂತಿವಾದ್ಯಗಳಿಗೂ ಇಂಗ್ಲಿಷ್ ಸಿನಿಮಾಗಳಲ್ಲಿ ಕಾಣುವ ಬ್ಯಾಂಜೋಗೂ ನಾವು ಅಂದುಕೊಂಡದ್ದಕ್ಕಿಂತ ಹತ್ತಿರದ ನಂಟಿದೆ.

ಹೆಸರೊಂದು, ವಾದ್ಯ ಎರಡು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಬೆಳಗಾವಿಯಿಂದಾಚೆ ಮಹಾರಾಷ್ಟ್ರದ ಗಣಪತಿ ಮೆರವಣಿಗೆಗಳಲ್ಲಿ, ಉತ್ತರ ಭಾರತದ ಕವ್ವಾಲಿಗಳಲ್ಲಿ ಬ್ಯಾಂಜೋ ಎಂದು ಕರೆಯುವುದು ಬುಲ್‌ಬುಲ್ ತರಂಗವನ್ನು. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಇದರ ಮೂಲ ಜಪಾನ್. 1912ರಲ್ಲಿ ನಗೋಯಾ ನಗರದ ಮೊರಿತಾ ಗೊರೊ ಎಂಬಾತ ರೂಪಿಸಿದ ತೈಶೊಗೊತೊ ಎಂಬ ವಾದ್ಯ ಮುಂದಿನ ದಶಕಗಳಲ್ಲಿ ಭಾರತಕ್ಕೆ ಬಂದು ಹೊಸ ಹೆಸರು ಪಡೆಯಿತು. ಗುಂಡಿಯೊತ್ತಿದರೆ ಸ್ವರ ಬರುವುದರಿಂದ ಕಲಿಯುವುದು ಸುಲಭ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಗುಂಡಿಗಳಿಂದ ಆಗದು.

ಇನ್ನೊಂದು ಅಮೆರಿಕದ ಬ್ಯಾಂಜೋ. ದುಂಡನೆಯ ಬಳೆಗೆ ಚರ್ಮ ಬಿಗಿದು, ಅದಕ್ಕೊಂದು ಉದ್ದ ಕತ್ತು ಜೋಡಿಸಿ, ಚರ್ಮದ ಮೇಲೆ ನಿಂತ ಕುದುರೆಯ (ತಂತಿ ಹೊರುವ ಪುಟ್ಟ ಸೇತುವೆ) ಮೂಲಕ ತಂತಿ ಎಳೆದದ್ದು. ಅಮೆರಿಕದ್ದೆಂದು ಕರೆದರೂ ಅದರ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಸೆನೆಗಲ್, ಗ್ಯಾಂಬಿಯಾ ಕಡೆಯ ರೈತರು ಸೋರೆ ಬುರುಡೆಗೆ ಆಡಿನ ಚರ್ಮ ಬಿಗಿದು ನುಡಿಸುವ ಅಕೊಂಟಿಂಗ್ ಅದರ ಹತ್ತಿರದ ನೆಂಟ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರು ಕೈಯಲ್ಲಿ ವಾದ್ಯ ಹಿಡಿದು ಹೋಗಲಿಲ್ಲ, ಅದನ್ನು ಮಾಡುವ ತಿಳಿವಳಿಕೆ ಹೊತ್ತು ಹೋದರು. 1687ರ ಕೊನೆಯಿಂದ ಸುಮಾರು ಹದಿನೈದು ತಿಂಗಳು ಜಮೈಕಾದಲ್ಲಿದ್ದ ವೈದ್ಯ ಹ್ಯಾನ್ಸ್ ಸ್ಲೋನ್, ಅಲ್ಲಿನ ಆಫ್ರಿಕನ್ನರ ಕೈಯಲ್ಲಿ ಬುರುಡೆಯಿಂದ ಮಾಡಿದ ತಂತಿವಾದ್ಯಗಳನ್ನು ಕಂಡು 1707ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಚಿತ್ರಸಮೇತ ದಾಖಲಿಸಿದ.

ಜಪಾನಿನ ಪೆಟ್ಟಿಗೆಯನ್ನು ಇಲ್ಲಿಗೇ ಬಿಡೋಣ. ನಮ್ಮ ಮಾತಿಗೆ ಬೇಕಾದದ್ದು ಎರಡನೆಯದು, ಚರ್ಮದ ಮೇಲೆ ತಂತಿ ಇರುವ ವಾದ್ಯ. ಅಂಥದ್ದು ಈ ಐದು ತಾಲ್ಲೂಕುಗಳಲ್ಲಿ ಹಿಂದಿನಿಂದಲೂ ಇದೆ.

ಕಂಕುಳಲ್ಲಿ ಅವುಚಿದ ಚೌಡಿಕೆ

ಹುಣ್ಣಿಮೆಯ ದಿನ ಹುಲಿಗಿಗೆ ಹೋದವರಿಗೆ ಚೌಡಿಕೆಯ ಪರಿಚಯ ಹೇಳಬೇಕಿಲ್ಲ. ತುಂಗಭದ್ರೆಯ ದಡದ ಹುಲಿಗೆಮ್ಮನ ಗುಡಿಯ ಸುತ್ತ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಜಾತ್ರೆಯಲ್ಲಿ ಜೋಗತಿಯರು, ಜೋಗಪ್ಪಗಳು ಅದನ್ನು ಹಿಡಿದಿರುತ್ತಾರೆ. ನೋಡಲು ಕೊಳಗದಂಥ ಮರದ ಪಾತ್ರೆ. ಅದರ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ. ಚರ್ಮದ ನಡುಮಧ್ಯೆ ತೂತು ಮಾಡಿ, ಅದರೊಳಗಿಂದ ತಂತಿ ತಂದು, ಪಕ್ಕದ ಕೋಲಿನ ತುದಿಗೆ ಕಟ್ಟಿರುತ್ತಾರೆ. ಪಾತ್ರೆಯನ್ನು ಕಂಕುಳಲ್ಲಿ ಅವುಚಿಕೊಂಡು ಮೀಟಿದರೆ ಗುಂಯ್ ಎಂಬ ನಾದ. ಬಿಗುವು ಹೆಚ್ಚು ಕಡಿಮೆ ಮಾಡಿದಂತೆ ಆ ನಾದ ಏರುತ್ತದೆ, ಇಳಿಯುತ್ತದೆ, ಮಾತಾಡಿದಂತೆ ತೊದಲುತ್ತದೆ. ಮುಖ್ಯ ಗಾಯಕಿ ಚೌಡಿಕೆ ಹಿಡಿದರೆ ಪಕ್ಕದವರು ಶ್ರುತಿ ಎಂಬ ಒಂಟಿತಂತಿ ವಾದ್ಯ ಹಿಡಿಯುತ್ತಾರೆ. ಇನ್ನೊಬ್ಬರ ಕೈಯಲ್ಲಿ ತಾಳ. ಮೇಳ ಅಷ್ಟೇ.

ಮಹಾರಾಷ್ಟ್ರದ ಚೌಂಡಕಾ, ಬಂಗಾಳದ ಬಾವುಲರ ಖಮಕ್ ಇದೇ ಬಳಗಕ್ಕೆ ಸೇರಿದವು. ಬ್ಯಾಂಜೋದೊಂದಿಗೆ ಹೋಲಿಸಿದರೆ ಒಂದು ದೊಡ್ಡ ವ್ಯತ್ಯಾಸವಿದೆ. ಬ್ಯಾಂಜೋದಲ್ಲಿ ತಂತಿ ಚರ್ಮದ ಮೇಲೆ ಅಡ್ಡ ಮಲಗಿರುತ್ತದೆ, ಚೌಡಿಕೆಯಲ್ಲಿ ಚರ್ಮವನ್ನು ನೇರ ಎಳೆದು ಹಿಡಿದಿರುತ್ತದೆ.

ಈ ವ್ಯತ್ಯಾಸದಲ್ಲಿ ಒಂದು ಸೊಗಸಾದ ವಿಜ್ಞಾನವಿದೆ. ಮೀಟಿದ ತಂತಿ ಎಡಕ್ಕೆ ಬಾಗಿದಾಗ ಅದರ ಬಿಗುವು ಹೆಚ್ಚುತ್ತದೆ, ನಡುವೆ ಬಂದಾಗ ತಗ್ಗುತ್ತದೆ, ಬಲಕ್ಕೆ ಬಾಗಿದಾಗ ಮತ್ತೆ ಹೆಚ್ಚುತ್ತದೆ. ಅಂದರೆ ತಂತಿ ಒಂದು ಸಲ ಹೋಗಿಬರುವುದರೊಳಗೆ ಚರ್ಮವನ್ನು ಎರಡು ಸಲ ಜಗ್ಗಿರುತ್ತದೆ. ತಂತಿಯ ಕಂಪನಕ್ಕಿಂತ ಇಮ್ಮಡಿ ವೇಗದಲ್ಲಿ ಚರ್ಮ ಮಿಡಿಯುವುದರಿಂದ ತಂತಿಯ ಸ್ವರದ ಮೇಲಿನ ಸ್ಥಾಯಿಯೂ ಅದರಲ್ಲಿ ಬೆರೆಯುತ್ತದೆ. ತಂತಿವಾದ್ಯಗಳ ಇಂಥ ಗುಟ್ಟುಗಳು ಯುವಕ ಸಿ.ವಿ. ರಾಮನ್ ಅವರನ್ನು ಸೆಳೆದಿದ್ದವು. ಸರ್ಕಾರಿ ಲೆಕ್ಕಪತ್ರದ ಕೆಲಸದಲ್ಲಿದ್ದಾಗಲೇ, 1909ರಲ್ಲಿ, ಅವರು ಏಕತಾರಿಯ ಬಗ್ಗೆ ಒಂದು ಪುಟ್ಟ ಲೇಖನ ಬರೆದಿದ್ದರು. ಹಗಲು ಕಚೇರಿ, ಬಿಡುವಿನಲ್ಲಿ ತಂತಿಯ ಅಧ್ಯಯನ. ಆಗ ಅವರೂ ಒಂದು ಬಗೆಯಲ್ಲಿ ಹವ್ಯಾಸಿಯೇ.

ಸದ್ದು ಬೇಗ ಅಡಗುವುದೇಕೆ

ಬ್ಯಾಂಜೋ ಎಂದರೆ ಟಿಣಿಟಿಣಿ ಎಂದು ಓಡುವ ಸಂಗೀತ ಎಂಬುದು ನಮ್ಮ ಕಿವಿಯ ನೆನಪು. ಅದಕ್ಕೆ ಕಾರಣ ಚರ್ಮ. ತೆಳ್ಳನೆಯ, ಹಗುರಾದ ಚರ್ಮ ತಂತಿಯ ಶಕ್ತಿಯನ್ನು ಒಮ್ಮೆಗೇ ಗಾಳಿಗೆ ಎರಚಿಬಿಡುತ್ತದೆ. ಹಾಗಾಗಿ ಸದ್ದು ಜೋರು, ಆಯುಸ್ಸು ಕಡಿಮೆ. ವೀಣೆ, ತಂಬೂರಿಯ ದಪ್ಪ ಮರದ ಹಲಗೆ ಹಾಗಲ್ಲ. ತಂತಿಯ ಶಕ್ತಿಯನ್ನು ಕಂಜೂಸಿನಂತೆ ಸ್ವಲ್ಪಸ್ವಲ್ಪವೇ ಖರ್ಚು ಮಾಡುತ್ತದೆ, ನಾದ ಬಹಳ ಹೊತ್ತು ನಿಲ್ಲುತ್ತದೆ. ಬ್ಯಾಂಜೋದಲ್ಲಿ ಮೀಟಿದ ಸ್ವರ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಬಹುಪಾಲು ಅಡಗುತ್ತದೆ. ಆ ಖಾಲಿ ಜಾಗ ತುಂಬಲು ನುಡಿಸುವವರು ಇನ್ನಷ್ಟು ಮೀಟುಗಳನ್ನು ತುರುಕಿದರು. 1945ರ ಕೊನೆಗೆ ಅಮೆರಿಕದ ಬಿಲ್ ಮನ್ರೊನ ಸಂಗೀತ ತಂಡ ಸೇರಿದ ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಮಿಂಚಿನ ಓಟವನ್ನು ಎಷ್ಟು ಜನಪ್ರಿಯ ಮಾಡಿದನೆಂದರೆ ಬ್ಯಾಂಜೋ ಎಂದರೆ ಅದೇ ಎಂಬಂತಾಯಿತು.

ಹಾಗಿದ್ದರೆ ಇಂಥ ವಾದ್ಯ ಹಿಡಿದು ನಿಧಾನವಾಗಿ ಹಾಡುವುದು ಹೇಗೆ? ಚೌಡಿಕೆಯವರಿಗೆ, ಏಕತಾರಿಯವರಿಗೆ ಈ ಪ್ರಶ್ನೆ ಹುಟ್ಟಿಯೇ ಇರಲಿಕ್ಕಿಲ್ಲ. ಅವರು ವಾದ್ಯಕ್ಕೆ ರಾಗದ ಹೊಣೆ ಹೊರಿಸಲೇ ಇಲ್ಲ. ರಾಗ ಪೂರ್ತಿ ಗಂಟಲಿನದು. ತಂತಿಯ ಕೆಲಸ ಎರಡೇ: ಶ್ರುತಿ ನೆನಪಿಸುವುದು, ಹೆಜ್ಜೆ ಎಣಿಸುವುದು. ಸದ್ದು ಬೇಗ ಅಡಗುವುದು ಇಲ್ಲಿ ಕೊರತೆಯಾಗಲಿಲ್ಲ, ಅನುಕೂಲವಾಯಿತು. ಒಂದು ಮೀಟು ಅಡಗಿ ಇನ್ನೊಂದು ಬರುವ ಮೊದಲಿನ ಮೌನದಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತದೆ. ಪದದಲ್ಲಿ ಮಾತೇ ಮುಖ್ಯವಾದಾಗ ಅದಕ್ಕಿಂತ ಇನ್ನೇನು ಬೇಕು?

ಹಳೆಯ ಬ್ಯಾಂಜೋದಲ್ಲೂ ಈ ವಿವೇಕ ಇತ್ತು. ಅದರ ಐದನೆಯ ತಂತಿ ಗಿಡ್ಡ. ಬಹುಮಟ್ಟಿಗೆ ರಾಗ ನುಡಿಸದೆ, ಹೆಬ್ಬೆರಳಿಗೆ ಸಿಕ್ಕು ಒಂದೇ ಸ್ವರವನ್ನು ಮತ್ತೆ ಮತ್ತೆ ಮಿಡಿಯುವ ಶ್ರುತಿ ಅದು. ಜನಪದ ಹಾಡುಗಾರ ಪೀಟ್ ಸೀಗರ್ (1919–2014) ತನ್ನ ಬ್ಯಾಂಜೋದ ಕತ್ತನ್ನು ಮೂರು ಮನೆಯಷ್ಟು (ಫ್ರೆಟ್) ಉದ್ದ ಮಾಡಿಸಿಕೊಂಡದ್ದು ತನ್ನ ಗಂಟಲಿಗೆ ಒಗ್ಗುವ ತಗ್ಗು ಶ್ರುತಿಗಾಗಿ. ವಾದ್ಯಕ್ಕೆ ತಕ್ಕಂತೆ ಗಂಟಲು ಹಿಗ್ಗಿಸದೆ, ಗಂಟಲಿಗೆ ತಕ್ಕಂತೆ ವಾದ್ಯವನ್ನೇ ಹಿಗ್ಗಿಸಿದ. ನಮ್ಮ ಭಜನೆಯ ಅಜ್ಜಂದಿರು ಕಂಡಿದ್ದರೆ ಸೈ ಅಂದಿರುತ್ತಿದ್ದರು.

ನಿಧಾನವೇ ಕಷ್ಟ

ಸಂಗೀತ ಗೊತ್ತಿಲ್ಲದವರು ನಿಧಾನದ ಹಾಡು ಸುಲಭ ಅಂದುಕೊಳ್ಳುತ್ತಾರೆ. ಹಾಡಲು ಕೂತಾಗ ಬಣ್ಣ ಬಯಲಾಗುತ್ತದೆ. ಬೇಗದ ಹಾಡಿನಲ್ಲಿ ಸ್ವರ ಕೊಂಚ ತಪ್ಪಿದರೂ ಅದು ಓಡಿಹೋಗುತ್ತದೆ. ನಿಧಾನದಲ್ಲಿ ತಪ್ಪಿದ ಸ್ವರ ಎಲ್ಲರ ಮುಂದೆ ನಿಂತೇ ಇರುತ್ತದೆ.

ಒಂದು ಲೆಕ್ಕ ನೋಡಿ. ಸೆಕೆಂಡಿಗೆ ಒಂದು ಮಾತ್ರೆಯಂತೆ ಹಾಡಿದರೆ ಹದಿನಾರು ಮಾತ್ರೆಯ ಒಂದು ಸೊಲ್ಲಿಗೆ 16 ಸೆಕೆಂಡು. ಪಳಗಿದ ಗಾಯಕರಿಗೇ ಅದು ಒಂದೇ ಉಸಿರಿನಲ್ಲಿ ಕಷ್ಟ. ಹೊಲದಲ್ಲಿ ದುಡಿದು ಬಂದವರಿಗೆ ಕೇಳುವುದೇ ಬೇಡ. ಅದಕ್ಕೇ ಭಜನೆಯಲ್ಲಿ ಹಿಮ್ಮೇಳವಿದೆ. ಮುಂದಿನವರು ಸೊಲ್ಲು ಬಿಟ್ಟಲ್ಲಿ ಹಿಂದಿನವರು ಎತ್ತಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಮುಂದಿನವರು ಉಸಿರು ಎಳೆದುಕೊಳ್ಳುತ್ತಾರೆ, ಮುಂದಿನ ನುಡಿ ನೆನಪಿಗೆ ತಂದುಕೊಳ್ಳುತ್ತಾರೆ, ಬೇಕಾದರೆ ಎಲೆಯಡಿಕೆಯನ್ನು ದವಡೆಯ ಆಚೆಗೆ ಸರಿಸುತ್ತಾರೆ. ಒಬ್ಬೊಬ್ಬರ ಅಳವಿಗೆ ಮೀರಿದ್ದನ್ನು ಗುಂಪು ಸೇರಿ ಸಾಧಿಸುವ ಜಾಣ ಏರ್ಪಾಡು ಅದು.

ಇನ್ನೊಂದು ತೊಡಕು ಲಯದ್ದು. ನಿಧಾನವಾಗಿ ಶುರುವಾದ ಪದ ನಾಲ್ಕು ನುಡಿ ದಾಟುವುದರೊಳಗೆ ತನಗೆ ತಾನೇ ಓಡತೊಡಗುತ್ತದೆ. ತಾಳ ಹಾಕುವ ಹುಡುಗನಿಗೆ ಹಿರಿಯರು ಕಣ್ಣಲ್ಲೇ ಗದರುವುದು ಆಗ. ಕೊನೆಯ ನುಡಿಗೆ ಬೇಕೆಂದೇ ಲಯ ಏರಿಸಿ, ದುಪ್ಪಟ್ಟು ಮಾಡಿ, ಕುಣಿಸಿ ಮುಗಿಸುವ ರೂಢಿಯೂ ಇದೆ. ಅದು ಬೇರೆ. ತಿಳಿದು ಓಡುವುದಕ್ಕೂ ಹಿಡಿತ ತಪ್ಪಿ ಓಡುವುದಕ್ಕೂ ಇರುವ ವ್ಯತ್ಯಾಸವನ್ನು ಕಟ್ಟೆಯ ಕೆಳಗೆ ಕೂತ ಅಜ್ಜಿ ಕೂಡ ಗುರುತಿಸುತ್ತಾಳೆ.

ಇಷ್ಟಾದರೂ ನಿಧಾನವೇ ಏಕೆ? ಹಾಡುವ ಸಾಹಿತ್ಯ ಅದನ್ನು ಬೇಡುತ್ತದೆ. ಈ ಸೀಮೆಯ ಭಜನೆಗಳ ಜೀವಾಳ ತತ್ವಪದ. ಶಿಶುನಾಳ ಶರೀಫ (1819–1889), ಕಡಕೋಳ ಮಡಿವಾಳಪ್ಪ, ನಿಜಗುಣ ಶಿವಯೋಗಿ, ಸರ್ಪಭೂಷಣ ಶಿವಯೋಗಿ ಇವರ ಪದಗಳು ಮೇಲ್ನೋಟಕ್ಕೆ ಮನೆ, ಹೊಲ, ಮಳೆ, ಕೋಳಿ, ಬಂಡಿಯ ಮಾತಾಡುತ್ತವೆ. ಒಳಗಿನ ಗಂಟು ಬಿಚ್ಚಲು ಹೊತ್ತು ಬೇಕು. ಹಿಮ್ಮೇಳ ಎರಡನೆಯ ಸಲ ಅದೇ ಸೊಲ್ಲು ಹಾಡುವಾಗಲೇ ಕೇಳುಗನ ತಲೆಯಲ್ಲಿ ಅರ್ಥ ಇಳಿಯುವುದು. ಓದುಬರಹ ಬಾರದವರಿಗೂ ನೂರಾರು ಪದ ಬಾಯಿಗೆ ಬಂದದ್ದು ಈ ಮರುಕಳಿಕೆಯಿಂದಲೇ.

ಭಜನೆಯ ಹೊರಗೂ ನಿಧಾನದ ಹಾಡಿಗೆ ಇಲ್ಲಿ ಬರವಿಲ್ಲ. ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವ ಭೀಮೇಶಕೃಷ್ಣ ಅಂಕಿತದಲ್ಲಿ ಕಟ್ಟಿದ ಹಾಡುಗಳನ್ನು ಮಾಧ್ವ ಮನೆಗಳ ಹೆಂಗಸರು ವಾದ್ಯದ ಹಂಗಿಲ್ಲದೆ ಹಾಡಿಕೊಂಡು ಬಂದರು. ಮೊಹರಂ ದಿನಗಳಲ್ಲಿ ಅಲಾವಿ ಗುಂಡಿಯ ಸುತ್ತ ಹಸೇನ ಹುಸೇನರ ಕತೆಯನ್ನು ಹಿಂದೂ ಮುಸ್ಲಿಮರು ಸೇರಿ ಎಳೆದು ಹಾಡುತ್ತಾರೆ. ತಾಂಡಾಗಳಲ್ಲಿ ಲಂಬಾಣಿ ಮದುಮಗಳು ತವರು ಬಿಡುವಾಗ ಹಿರಿಯರನ್ನು ತಬ್ಬಿ ಹಾಡುವ ಢಾವಲೋ ಅಳುವೋ ಹಾಡೋ ಹೇಳಲಾಗದು. ಬೀಸುವ ಪದಗಳ ಲಯವನ್ನು ಕಲ್ಲು ತಿರುಗುವ ವೇಗವೇ ಕಟ್ಟಿಕೊಟ್ಟಿತ್ತು. ಹಿಟ್ಟಿನ ಗಿರಣಿ ಬಂದು ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು, ಅದು ಒಳ್ಳೆಯದೇ ಆಯಿತು. ಪದಗಳು ಮಾತ್ರ ತಮ್ಮ ತಾಳ ಕಳೆದುಕೊಂಡವು.

ವೇಗದ ಕಲೆ ಇಲ್ಲಿ ಇಲ್ಲವೆಂದಲ್ಲ. 1953ರ ಅಕ್ಟೋಬರ್‌ವರೆಗೆ ಮದ್ರಾಸು ಆಡಳಿತದಲ್ಲಿದ್ದ ಬಳ್ಳಾರಿ ಸೀಮೆಯಲ್ಲಿ ತೆಲುಗು ನಂಟಿನ ಬುರ್ರಕಥೆ ಬೆಳೆದಿತ್ತು. ತಂಬೂರಿ ಮೀಟುತ್ತ, ಹೆಜ್ಜೆ ಹಾಕುತ್ತ, ಕತೆಯನ್ನು ರಭಸದಿಂದ ಓಡಿಸುವ ಬಗೆ ಅದು. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮ ಹಾಗೆ ಹಾಡುತ್ತ ಎಷ್ಟೋ ಕಾವ್ಯಗಳನ್ನು ನೆನಪಿನಲ್ಲೇ ಕಾಪಿಟ್ಟವರು. ಮೈಲಾರದ ಗೊರವಯ್ಯಗಳು ಡಮರುಗ, ಕೊಳಲು ಹಿಡಿದು ಕುಣಿಯುತ್ತಾರೆ. ಆದರೆ ಅವರೆಲ್ಲ ಮನೆತನದಿಂದ, ದೀಕ್ಷೆಯಿಂದ ಕಲೆ ಪಡೆದವರು. ಹವ್ಯಾಸಿಗಳು ಒಲಿದದ್ದು ಹೆಚ್ಚಾಗಿ ನಿಧಾನಕ್ಕೆ.

ವಾದ್ಯ ಯಾರ ಕೈಯಲ್ಲಿತ್ತು

ಇಲ್ಲೊಂದು ಮುಜುಗರದ ಪ್ರಶ್ನೆ ಇದೆ. ಏಕತಾರಿಯನ್ನು ಯಾರು ಬೇಕಾದರೂ ಹಿಡಿದರು. ಚೌಡಿಕೆಯನ್ನು ಹವ್ಯಾಸಕ್ಕೆಂದು ಮನೆಯಲ್ಲಿ ಹಿಡಿದವರು ಏಕೆ ಕಾಣುವುದಿಲ್ಲ?

ಚೌಡಿಕೆಗೆ ಮುತ್ತು ಕಟ್ಟುವ ಪದ್ಧತಿಯ ನೆರಳು ಅಂಟಿತ್ತು. ದೇವಿಯ ಹೆಸರಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಿದ್ದ ಈ ಸೀಮೆಯಲ್ಲಿ, ಹೆಚ್ಚಾಗಿ ದಲಿತ ಕುಟುಂಬಗಳ ಹೆಣ್ಣುಮಕ್ಕಳೇ ಅದಕ್ಕೆ ಬಲಿಯಾದರು. ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1982ರಲ್ಲೇ ಬಂತು. ಅಷ್ಟಾದ ಮೇಲೂ ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದಲ್ಲಿ ಅಧಿಕಾರಿಗಳು ಕಣ್ಣಿಡಬೇಕಾಯಿತು. ಇಂಥ ಹಿನ್ನೆಲೆಯಲ್ಲಿ ಚೌಡಿಕೆಯ ದನಿ ಕೇಳಿದರೆ ಕೈಮುಗಿಯುವ ಜನ ಅದನ್ನು ಮನೆಯೊಳಗೆ ತರಲು ಹಿಂಜರಿದರು. ಪದ್ಧತಿ ಹೋಗಲೇಬೇಕಿತ್ತು. ವಾದ್ಯ ಏನು ತಪ್ಪು ಮಾಡಿತ್ತು?

ಬ್ಯಾಂಜೋ ಕತೆಯೂ ಇದಕ್ಕೆ ದೂರದ್ದಲ್ಲ. ಗುಲಾಮರ ವಾದ್ಯವೆಂದು ತಾತ್ಸಾರಕ್ಕೊಳಗಾದದ್ದನ್ನು 1840ರ ದಶಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಕರಿಯರನ್ನು ಅಣಕಿಸುತ್ತ ರಂಗಕ್ಕೆ ತಂದರು. ಆ ಅವಮಾನದ ನೆನಪಿಗೆ ಕರಿಯರೇ ಕ್ರಮೇಣ ವಾದ್ಯದಿಂದ ದೂರ ಸರಿದರು. ಅದನ್ನು ಮತ್ತೆ ತಮ್ಮದಾಗಿಸಿಕೊಂಡವರಲ್ಲಿ ರಿಯಾನನ್ ಗಿಡೆನ್ಸ್ ಮುಖ್ಯರು. 2023ರಲ್ಲಿ ಒಂದು ಗೀತನಾಟಕದ ಸಂಗೀತಕ್ಕಾಗಿ ಪುಲಿಟ್ಜರ್ ಹಂಚಿಕೊಂಡ ಈಕೆ, ಹಳೆಯ ಮಾದರಿಯ ಬ್ಯಾಂಜೋ ಹಿಡಿದು ನಿಧಾನವಾಗಿ ಹಾಡಬಲ್ಲವರು.

ನಮ್ಮಲ್ಲಿ ಆ ಕೆಲಸ ಮಾಡಿದವರು ಮಂಜಮ್ಮ ಜೋಗತಿ. ಹೊಸಪೇಟೆ–ಹಗರಿಬೊಮ್ಮನಹಳ್ಳಿ ದಾರಿಯ ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿಯವರ ತಂಡ ಸೇರಿ, ಜೋಗತಿ ಕುಣಿತವನ್ನು ಗುಡಿಯ ಅಂಗಳದಿಂದ ವೇದಿಕೆಗೆ ತಂದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಅವರೇ. 2021ರಲ್ಲಿ ಪದ್ಮಶ್ರೀ ಬಂತು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ವನ್ನು ನಿರೂಪಿಸಿದವರು ಇದೇ ಸೀಮೆಯ ಜಾನಪದ ಸಂಶೋಧಕ ಅರುಣ್ ಜೋಳದಕೂಡ್ಲಿಗಿ. ಭಿಕ್ಷೆಯ ಜೋಳಿಗೆಯೊಂದಿಗೆ ಗುರುತಿಸಿಕೊಂಡಿದ್ದ ಚೌಡಿಕೆ ಈಗ ಕಾಲೇಜಿನ ಯುವಜನೋತ್ಸವದಲ್ಲೂ ಕಾಣಿಸಿಕೊಳ್ಳುತ್ತಿದೆ. ಮುಜುಗರ ಹರಿಯಲು ಇನ್ನಷ್ಟು ಕಾಲ ಬೇಕು.

ಪೇಟಿ ಬಂದ ಮೇಲೆ

ಈಗಿನ ಭಜನೆಗಳಲ್ಲಿ ಏಕತಾರಿಗಿಂತ ಪೇಟಿಯದೇ ಕಾರುಬಾರು. ಕಂಪನಿ ನಾಟಕ, ಬಯಲಾಟಗಳ ಮೂಲಕ ಹಳ್ಳಿಗಳಿಗೆ ಬಂದ ಹಾರ್ಮೋನಿಯಂ ಜತೆಗೆ ಪೇಟಿ ಮಾಸ್ತರ ಎಂಬ ಗುರುವನ್ನೂ ತಂದಿತು. ಜಾತ್ರೆಗೆ ನಾಟಕ ಆಡುವ ಊರಿನ ಹುಡುಗರಿಗೆ ಎರಡು ಮೂರು ತಿಂಗಳು ಹಾಡು, ಮಾತು ಕಲಿಸುವವರು ಅವರೇ. ತುಂಗಭದ್ರೆಯಾಚೆಯ ಗದುಗಿನಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಆಮೇಲೆ ಪುಟ್ಟರಾಜ ಗವಾಯಿಗಳು (1914–2010) ನಡೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಈ ಭಾಗದ ಊರೂರಿಗೂ ಸಂಗೀತ ಹಂಚಿದರು. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ಕಟ್ಟಿದ ರಂಗಭಾರತಿಯಂಥ ಹವ್ಯಾಸಿ ತಂಡಗಳಿಗೂ ರಂಗಗೀತೆ ಹಾಡುವ ಗಂಟಲುಗಳು ಸುತ್ತಲಿನಲ್ಲೇ ಸಿಕ್ಕವು.

ಪೇಟಿಯನ್ನು ಬೈಯುವ ಪಂಡಿತರಿದ್ದಾರೆ. ಸ್ವರದಿಂದ ಸ್ವರಕ್ಕೆ ಜಾರಲಾರದು ಎಂಬುದು ಮುಖ್ಯ ಆಕ್ಷೇಪ. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ದೂರವೇ ಇಟ್ಟಿತ್ತು. ನನ್ನ ತಕರಾರು ಬೇರೆ. ಪೇಟಿಯ ನಾದಕ್ಕೆ ಬಿಡುವಿಲ್ಲ. ಹಾಡುಗಾರನ ಬೆನ್ನಿಗೇ ಅಂಟಿಕೊಂಡು ಅದೇ ಸ್ವರಗಳನ್ನು ನುಡಿಸುತ್ತ ಹೋಗುವುದರಿಂದ ಗಂಟಲಿನ ತಪ್ಪು ಮುಚ್ಚಿಹೋಗುತ್ತದೆ, ಗಂಟಲಿನ ಸೊಗಸೂ ಮುಚ್ಚಿಹೋಗುತ್ತದೆ. ಅದರ ಮೇಲೆ ಈಗ ಕಿವಿಗಡಚಿಕ್ಕುವ ಮೈಕು, ಕೀಬೋರ್ಡಿನ ಸಿದ್ಧ ತಾಳ. ಯಂತ್ರದ ತಾಳ ಓಡುವುದಿಲ್ಲ ನಿಜ, ಆದರೆ ಹಾಡುಗಾರನ ಉಸಿರಿಗಾಗಿ ಅರೆಗಳಿಗೆ ಕಾಯುವುದೂ ಇಲ್ಲ.

ಮೇಳಗಳು ಸೊರಗಲು ದೊಡ್ಡ ಕಾರಣ ಮಾತ್ರ ವಾದ್ಯವಲ್ಲ, ಗುಳೆ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಜನ ಹೊರಡುತ್ತಾರೆ. ದಮ್ಮಡಿಯವನು ಒಂದು ಕಡೆ, ತಾಳದವನು ಒಂದು ಕಡೆಯಾದರೆ ಮೇಳ ನಿಲ್ಲುವುದೆಲ್ಲಿ? ಗುಂಪಿನ ಉಸಿರನ್ನೇ ನಂಬಿದ ಹಾಡಿಕೆಗೆ ಇದು ನೇರ ಪೆಟ್ಟು. ಉಳಿದ ಊರುಗಳಲ್ಲಿ ಖಾಲಿ ಜಾಗ ತುಂಬುತ್ತಿರುವವರು ಹೆಂಗಸರು. ಅಕ್ಕನ ಬಳಗಗಳಲ್ಲಿ, ಸಂಘದ ಸಭೆ ಮುಗಿದ ಮೇಲೆ, ಗಂಡಸರ ಸ್ವತ್ತೆಂದು ತಿಳಿದಿದ್ದ ದಮ್ಮಡಿ ತಾಳಗಳು ಅವರ ಕೈಗೆ ಬಂದಿವೆ. ದಾವಣಗೆರೆಯಿಂದ ಕೊಟ್ಟೂರು ತೇರಿಗೆ ನಡೆದು ಬರುವ ಭಕ್ತರ ದಂಡಿನಲ್ಲೂ ಈಗ ಹೆಂಗಸರ ದನಿ ಕೇಳುತ್ತದೆ. ನಡಿಗೆಯ ಹೆಜ್ಜೆಗೆ ಹೊಂದುವ ಲಯ ನಿಧಾನದ್ದೇ.

ಕಲಿಯಬೇಕೆನ್ನುವವರಿಗೆ

ಇತ್ತೀಚೆಗೆ ಆನ್‌ಲೈನಿನಲ್ಲಿ ಬ್ಯಾಂಜೋ ತರಿಸಿಕೊಂಡು ಭಾವಗೀತೆ, ತತ್ವಪದ ಹಾಡಲು ಯತ್ನಿಸುವ ಹುಡುಗ ಹುಡುಗಿಯರಿದ್ದಾರೆ. ಹಿರಿಯರು ನಗಬೇಕಿಲ್ಲ. ಚರ್ಮದ ಮೇಲೆ ತಂತಿ ಇಲ್ಲಿಗೆ ಹೊಸದಲ್ಲ ಎಂಬುದು ಮೇಲಿನ ಕತೆಯಿಂದಲೇ ಗೊತ್ತಾಗುತ್ತದೆ. ಕೆಲವು ಸೂಕ್ಷ್ಮ ತಿಳಿದಿದ್ದರೆ ಸಾಕು.

ಮೊದಲು ಗಂಟಲಿನ ಶ್ರುತಿ ಹುಡುಕಿಕೊಳ್ಳಬೇಕು. ಊರಿನ ಪೇಟಿ ಮಾಸ್ತರರ ಮುಂದೆ ಕೂತರೆ ಕರಿ ಎರಡೋ ಬಿಳಿ ನಾಲ್ಕೋ ಎಂದು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಮೈಕ್ ಇಲ್ಲದ ಕಾಲದ ನಾಟಕದವರು ಕೊನೆಯ ಸಾಲಿನವರಿಗೂ ಕೇಳಲೆಂದು ಏರುಶ್ರುತಿ ಹಿಡಿಯುತ್ತಿದ್ದರು. ಕಟ್ಟೆಯ ಮೇಲೆ ಆ ಹಟ ಬೇಡ. ನಂತರ ತಂತಿಗಳನ್ನು ಆ ಶ್ರುತಿಯ ಷಡ್ಜ ಪಂಚಮಗಳಿಗೆ ಕೂಡಿಸಿಕೊಳ್ಳುವುದು. ಪೆಟ್ಟಿಗೆಯ ಜತೆ ಬಂದ ಚೀಟಿಯಲ್ಲಿ ಬೇರೆ ಸ್ವರಗಳಿರುತ್ತವೆ, ಅವು ಬೇರೆ ಸಂಗೀತಕ್ಕೆ. ರಾಗವನ್ನು ತಂತಿಯ ಮೇಲೆ ನುಡಿಸುವ ಆಸೆಯನ್ನು ಸ್ವಲ್ಪ ದಿನ ಪಕ್ಕಕ್ಕಿಟ್ಟು, ಮಾತ್ರೆಗೊಂದು ಮೀಟು ಹಾಕುತ್ತ ಹಾಡಿದರೆ ಲಯ ನಿಲ್ಲುತ್ತದೆ.

ಚರ್ಮದ ಬಗ್ಗೆ ಒಂದು ಮಾತು. 1950ರ ದಶಕದ ಕೊನೆಯಿಂದೀಚೆಗೆ ಬ್ಯಾಂಜೋಗಳಿಗೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಮಳೆ ಬಿಸಿಲಿಗೆ ಅದು ಜಗ್ಗುವುದಿಲ್ಲ. ನಾದ ಮಾತ್ರ ತೀರ ಚೂಪು. ಒಳಗಡೆ, ಚರ್ಮಕ್ಕೂ ಹಿಂದಿನ ಕೋಲಿಗೂ ನಡುವೆ ಬಟ್ಟೆಯ ಉಂಡೆ ತುರುಕಿ ಆ ಚೂಪನ್ನು ಮೊಂಡು ಮಾಡುವ ಉಪಾಯ ಹಳೆಯದು, ನಿಧಾನ ಪದಕ್ಕೆ ಚೆನ್ನಾಗಿ ಒಗ್ಗುತ್ತದೆ. ಚೌಡಿಕೆ, ದಮ್ಮಡಿಗಳಿಗೆ ಚರ್ಮವೇ ಇದ್ದರೆ ಶ್ರಾವಣದ ತಂಪಿಗೆ ಅದು ಸಡಿಲಾಗುತ್ತದೆ. ಹಾಡಲು ಕೂಡುವ ಮುಂಚೆ ಬಿಸಿಲಿಗಿಡಬೇಕು, ರಾತ್ರಿಯಾದರೆ ನಾಲ್ಕು ಕಟ್ಟಿಗೆ ಉರಿ ಹಾಕಿ ಕಾಯಿಸಬೇಕು. ಬೆಂಕಿಗೆ ತೀರ ಹತ್ತಿರ ಹಿಡಿದರೆ ಚರ್ಮ ಹರಿಯುತ್ತದೆ. ಹೊಸ ಚರ್ಮ ಮುಚ್ಚಿಕೊಡುವವರು ಈಗ ಎಲ್ಲ ಊರಲ್ಲೂ ಸಿಗುವುದಿಲ್ಲ. ಜಾತ್ರೆಯಲ್ಲಿ ಭೇಟಿಯಾಗುವ ಜೋಗತಿಯರನ್ನು, ಹಲಗೆಯವರನ್ನು ಕೇಳಿದರೆ ಯಾರ ಹತ್ತಿರ ಹೋಗಬೇಕೆಂದು ಹೇಳುತ್ತಾರೆ.